ಕಿವಿ ಮಲಗದ ರಾತ್ರಿಗಳು

ವಿಜಯಪುರದ ನನ್ನ ಅಕ್ಕನ ಮನೆಯಲ್ಲಿ, ಮಗನ ಮಂಚದ ತಲೆದೆಸೆಗೆ ಒಂದು ನೋಟ್‌ಬುಕ್ ಇರುತ್ತದೆ. ಪ್ರತಿ ರಾತ್ರಿಗೆ ಒಂದು ಪುಟ. ಹನ್ನೊಂದಕ್ಕೆ ಫಿಟ್ಸ್ ಔಷಧಿ, ಹನ್ನೆರಡೂವರೆಗೆ ಕಫ ತೆಗೆದದ್ದು, ಎರಡಕ್ಕೆ ಮಗ್ಗುಲು ಬದಲಿಸಿದ್ದು, ಮೂರು ಹತ್ತಕ್ಕೆ ಮತ್ತೆ ಕಫ, ಐದಕ್ಕೆ ಹೊಟ್ಟೆಯ ನಳಿಕೆಯಿಂದ ಹಾಲು. ಏಳು ವರ್ಷದ ಆ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ ಇದೆ. ಅವನಿಗೆ ನುಂಗಲು ಬಾರದು, ತಾನಾಗಿ ಹೊರಳಲು ಬಾರದು, ಕೆಮ್ಮಿ ಕಫ ಹೊರಹಾಕುವಷ್ಟು ಬಲವೂ ಇಲ್ಲ. "ನಿದ್ದಿ ಹತ್ತತೈತಿ, ಆದ್ರ ಕಿವಿ ಮಲಗೂದಿಲ್ಲ" ಎಂದು ಅಕ್ಕ ಒಮ್ಮೆ ನನಗೆ ಹೇಳಿದಳು.

ಇಂಥ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ತಂದೆತಾಯಿಗಳನ್ನು ರಾತ್ರಿ ಎಷ್ಟು ತಾಸು ಮಲಗುತ್ತೀರಿ ಎಂದು ಕೇಳಿದರೆ ಆರು ತಾಸು ಎಂಬ ಉತ್ತರ ಬರಬಹುದು, ಆ ಲೆಕ್ಕ ತಪ್ಪೂ ಇರಲಿಕ್ಕಿಲ್ಲ. ಆದರೆ ನಡುವೆ ಏಳದೆ ಒಂದೇ ಸಮನೆ ಎಷ್ಟು ತಾಸು ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗಿ ನಿದ್ರೆಯ ಒತ್ತಡವನ್ನು ಏರಿಸುತ್ತದೆ. ಇನ್ನೊಂದು ಕಡೆ, ಕಣ್ಣಿನ ಮೂಲಕ ಹಗಲು ಇರುಳುಗಳ ಸುದ್ದಿ ಪಡೆಯುವ ದೇಹದ ಗಡಿಯಾರವು ಮಲಗುವ ಹೊತ್ತನ್ನು ಗೊತ್ತುಪಡಿಸುತ್ತದೆ. ಈ ಎರಡರ ಕೂಡಾಟವನ್ನು ನಿದ್ರಾ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಒಂದು ಮಾದರಿಯಾಗಿ ಮುಂದಿಟ್ಟರು. ಮಲಗಿದ ಮೇಲೆ ನಿದ್ರೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ದೇಹವನ್ನು ಹೆಚ್ಚು ಚೇತರಿಸುವ ಗಾಢ ನಿದ್ರೆ ರಾತ್ರಿಯ ಮೊದಲ ಭಾಗದಲ್ಲಿಯೂ ಕನಸಿನ ನಿದ್ರೆ ಬೆಳಗಿನ ಜಾವದ ಕಡೆಗೂ ಹೆಚ್ಚು. ಅಕ್ಕನ ನೋಟ್‌ಬುಕ್ಕಿನ ಹನ್ನೆರಡೂವರೆಯ ಸಾಲು ಗಾಢ ನಿದ್ರೆಯನ್ನೇ ಕತ್ತರಿಸುತ್ತದೆ. ಎದ್ದು, ಕಫ ಎಳೆಯುವ ಸಕ್ಷನ್ ಯಂತ್ರ ಹಾಕಿ, ಕೈ ತೊಳೆದು ಮತ್ತೆ ಮಲಗಿದಾಗ ಮಿದುಳು ಬಿಟ್ಟ ಜಾಗದಿಂದ ಮುಂದುವರಿಯುವುದಿಲ್ಲ. ಹಗುರ ನಿದ್ರೆಯ ಮೆಟ್ಟಿಲಿನಿಂದ ಮತ್ತೆ ಇಳಿಯಬೇಕು. ಇಳಿಯುವಷ್ಟರಲ್ಲಿ ಎರಡು ಗಂಟೆಯ ಅಲಾರಂ.

ಇದರ ಬೆಲೆಯನ್ನು ತೆಲ್ ಅವೀವ್ ವಿಶ್ವವಿದ್ಯಾಲಯದ ಅವಿ ಸಾದೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದರು. ಕೆಲವರಿಗೆ ನಾಲ್ಕೇ ತಾಸು ಮಲಗಲು ಬಿಟ್ಟರು. ಉಳಿದವರಿಗೆ ಎಂಟು ತಾಸು ಹಾಸಿಗೆ ಕೊಟ್ಟು, ನಡುವೆ ನಾಲ್ಕು ಸಲ ಫೋನ್ ಮಾಡಿ ಎಬ್ಬಿಸಿ, ಪ್ರತಿ ಸಲವೂ ಹತ್ತು ಹದಿನೈದು ನಿಮಿಷ ಕಂಪ್ಯೂಟರ್ ಮೇಲೆ ಕೆಲಸ ಮಾಡಿಸಿದರು. ಬೆಳಗಾದ ಮೇಲೆ ಏಕಾಗ್ರತೆಯಲ್ಲೂ ಮನಸ್ಥಿತಿಯಲ್ಲೂ ಎರಡೂ ಗುಂಪುಗಳು ಒಂದೇ ರೀತಿ ಕುಸಿದಿದ್ದವು. ಮರುವರ್ಷ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 62 ಜನರನ್ನು ಮೂರು ರಾತ್ರಿ ಗಮನಿಸಿದಾಗ, ತಡವಾಗಿ ಮಲಗಿದವರ ಉಲ್ಲಾಸ ಎರಡನೆಯ ರಾತ್ರಿಯ ನಂತರ ಶೇ. 12ರಷ್ಟು ಇಳಿದಿದ್ದರೆ, ಪದೇ ಪದೇ ಎಬ್ಬಿಸಲ್ಪಟ್ಟವರದು ಶೇ. 31ರಷ್ಟು ಇಳಿದಿತ್ತು. ಅವರೆಲ್ಲ ಆರೋಗ್ಯವಂತರು, ಮೂರು ರಾತ್ರಿಗಳ ಬಳಿಕ ಮನೆಗೆ ಹೋದವರು. ನನ್ನ ಅಕ್ಕನದು ಏಳು ವರ್ಷ.

ಇನ್ನೂ ಕಳವಳದ ಸಂಗತಿಯೆಂದರೆ ಈ ಸವೆತ ಸವೆಯುತ್ತಿರುವವರಿಗೇ ತಿಳಿಯುವುದಿಲ್ಲ. 2003ರಲ್ಲಿ ನಿದ್ರಾ ಸಂಶೋಧಕರಾದ ಹಾನ್ಸ್ ವಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತಿತರರು ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವಾರ ದಿನಕ್ಕೆ ಆರೇ ತಾಸು ಮಲಗಿದವರ ಗಮನಶಕ್ತಿ ಒಂದು ಇಡೀ ರಾತ್ರಿ ಕಣ್ಣು ಮುಚ್ಚದವರ ಮಟ್ಟದವರೆಗೂ ಇಳಿಯಿತು, ಆದರೆ ತಮಗೆ ಅಂಥ ನಿದ್ದೆಗಣ್ಣೇನೂ ಇಲ್ಲವೆಂದೇ ಅವರು ಭಾವಿಸಿದ್ದರು. "ರೂಢಿ ಆಗೇತಿ" ಎಂದು ಅಕ್ಕ ಹೇಳುವಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಗಾಢ ನಿದ್ರೆಯಿಂದ ತಟ್ಟನೆ ಎದ್ದವರಿಗೆ ಅರ್ಧ ತಾಸಿನವರೆಗೂ ಮಂಕು ಕವಿದಿರುತ್ತದೆ. ಅಂಥ ಮಂಕಿನಲ್ಲಿ ಒಂದು ರಾತ್ರಿ ಅವಳು ಎರಡೂವರೆ ಎಂ.ಎಲ್. ಔಷಧಿಯ ಬದಲು ಐದು ಎಂ.ಎಲ್. ಎಳೆದಿದ್ದಳು, ನಳಿಕೆಗೆ ಹಾಕುವ ಮುಂಚೆ ಕಣ್ಣಿಗೆ ಬಿತ್ತು. ಆಮೇಲಿನಿಂದ ಸಿರಿಂಜಿನ ಮೇಲೆ ಎರಡೂವರೆಯ ಗೆರೆಗೆ ಕೆಂಪು ಟೇಪ್ ಸುತ್ತಿದೆ.

ಕಿವಿ ಮಲಗುವುದಿಲ್ಲ ಎಂಬ ಅವಳ ಮಾತೂ ಬರೀ ಮಾತಲ್ಲ. ಮಲಗಿದವರ ಮಿದುಳು ಬೇರೆ ಹೆಸರುಗಳಿಗಿಂತ ತಮ್ಮ ಹೆಸರಿಗೆ ಹೆಚ್ಚು ಸ್ಪಂದಿಸುತ್ತದೆಂದು 1960ರಲ್ಲೇ ನಿದ್ರಾ ಸಂಶೋಧಕ ಇಯಾನ್ ಓಸ್ವಾಲ್ಡ್ ತೋರಿಸಿದ್ದರು. ಅಂದರೆ ನಿದ್ರೆಯಲ್ಲಿಯೂ ಮಿದುಳು ಸದ್ದುಗಳನ್ನು ಜರಡಿ ಹಿಡಿಯುತ್ತಿರುತ್ತದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಲಗಿದಾಗ ಮಿದುಳಿನ ಒಂದು ಅರ್ಧ ಇನ್ನೊಂದಕ್ಕಿಂತ ಹಗುರವಾಗಿ ಮಲಗಿ ಕಾವಲಿರುತ್ತದೆಂದು ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಕಂಡರು. ಮಗುವಿನ ಗಂಟಲಿನ ಗೊರಗೊರ ಸದ್ದಿಗೆ ಕಾದಿರುವ ತಾಯಿಗೆ, ಆ ಸದ್ದು ಬಾರದ ರಾತ್ರಿಯೂ ಪೂರ್ತಿ ರಾತ್ರಿಯಾಗುವುದಿಲ್ಲ.

ನಮ್ಮ ಊರಿನ ಬೇಸಿಗೆ ಇದಕ್ಕೆ ಇನ್ನಷ್ಟು ಭಾರ ಸೇರಿಸುತ್ತದೆ. ನಿದ್ರೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟಿದಾಗ ಓಣಿಯ ಜನ ಹಾಸಿಗೆ ಹೊತ್ತು ಮಾಳಿಗೆ ಏರುತ್ತಾರೆ. ಸಕ್ಷನ್ ಯಂತ್ರದ ವಯರಿರುವ ಮನೆಯವರು ಏರುವಂತಿಲ್ಲ. ಕರೆಂಟ್ ಹೋದರೆ ಫ್ಯಾನೂ ಯಂತ್ರವೂ ಒಟ್ಟಿಗೆ ನಿಲ್ಲುತ್ತವೆ. ಅದಕ್ಕೆಂದು ಕಾಲಿನಿಂದ ಒತ್ತುವ ಪಂಪೊಂದನ್ನು ಮಂಚದ ಕೆಳಗೆ ಇಟ್ಟಿದ್ದಾರೆ.

ಇದಕ್ಕೆ ಪರಿಹಾರವನ್ನು ತಾಯಿಯ ಗಟ್ಟಿತನದಲ್ಲಿ ಹುಡುಕುವುದನ್ನು ನಾವು ಬಿಡಬೇಕು ಎಂದು ನನಗೆ ಅನಿಸುತ್ತದೆ. ರಾತ್ರಿಯ ಕೆಲಸಗಳಲ್ಲಿ ಹಲವು ವೈದ್ಯರ ಚೀಟಿಯಿಂದಲೇ ಬಂದವು. ಔಷಧಿಯ, ಆಹಾರದ ಹೊತ್ತನ್ನು ತಾವಾಗಿ ಬದಲಿಸುವುದು ಅಪಾಯ, ಆದರೆ ಇವನ್ನು ಹಿಂದೆ ಮುಂದೆ ಸರಿಸಿ ನಡುವೆ ನಾಲ್ಕು ತಾಸು ಬಿಡುವು ಮಾಡಬಹುದೇ ಎಂದು ವೈದ್ಯರನ್ನು ಕೇಳಬಹುದು, ಕೇಳಲೇಬೇಕು. ಚೀಟಿ ಬರೆಯುವವರು ತಾವಾಗಿಯೇ ಕೇಳಿದರೆ ಇನ್ನೂ ಒಳ್ಳೆಯದು. ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯ ಮಾತು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೆಯ ಸೆಕ್ಷನ್‌ನಲ್ಲಿದೆ. ಅದು ಒಂದು ರಾತ್ರಿಯ ಕಾವಲಿನ ರೂಪದಲ್ಲಿ ಮನೆ ಬಾಗಿಲಿಗೆ ಬರುವಂತಾದರೆ ಅದಕ್ಕಿಂತ ದೊಡ್ಡ ಔಷಧಿ ಈ ಮನೆಗಳಿಗೆ ಬೇರೆ ಬೇಕಿಲ್ಲ.

ಅಕ್ಕನ ಮನೆಯಲ್ಲಿ ಕಳೆದ ಚಳಿಗಾಲದಲ್ಲಿ ವೈದ್ಯರು ಹನ್ನೊಂದರ ಔಷಧಿಯನ್ನು ಒಂಬತ್ತೂವರೆಗೆ ತಂದರು. ಹತ್ತರಿಂದ ಎರಡೂವರೆಯವರೆಗಿನ ಕಾವಲು ಭಾವನದಾಯಿತು, ಅಕ್ಕ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗತೊಡಗಿದಳು. ಮೊದಮೊದಲು ಬಾಗಿಲಿನಾಚೆಯ ಯಂತ್ರದ ಸದ್ದಿಗೂ ಎದ್ದು ಕೂತಿದ್ದಳು. ಈಗ ನೋಟ್‌ಬುಕ್ಕಿನ ಪ್ರತಿ ಪುಟದ ಮೇಲರ್ಧ ಭಾವನ ಅಕ್ಷರದಲ್ಲಿದೆ.