ಡೆಲಿವರಿ ಸ್ಕೂಟರ್ ಗುದ್ದಿದರೆ ಪರಿಹಾರ ಯಾರ ಜೇಬಿನಿಂದ?

ಪುಣೆಯಲ್ಲಿ ಎಲ್‌ಎಲ್‌ಬಿ ಓದುವ ನಮ್ಮ ಕಡೆಯವರು ಈ ಪ್ರಶ್ನೆ ಬಂದ ಕೂಡಲೇ ‘ಕಂಪನಿಯೇ ಹೊಣೆ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ನಾನೂ ಕಳೆದುಕೊಂಡವನೇ. ಹುಡುಗ ಹಾಕಿದ ಟೀ-ಶರ್ಟ್ ಆಮೇಲೆ, ಮೊದಲು ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ ನೋಡಿ.

ಒಂದು ಕಲ್ಪಿತ ಪ್ರಕರಣ. ಪುಣೆಯ ಕೋಥರೂಡಿನಲ್ಲಿ ರಸ್ತೆ ದಾಟುತ್ತಿದ್ದ ಅಜ್ಜರಿಗೆ ಡೆಲಿವರಿ ಸ್ಕೂಟರ್ ಗುದ್ದಿ ತೊಡೆಯ ಎಲುಬು ಮುರಿಯಿತು. ಓಡಿಸುತ್ತಿದ್ದವನು ಸಿಂದಗಿಯ ಹುಡುಗ. ಸ್ಕೂಟರ್ ಊರಲ್ಲಿರುವ ಕಾಕಾನ ಹೆಸರಿನಲ್ಲಿದೆ. ಬೆನ್ನ ಮೇಲಿನ ಚೀಲ ಮಾತ್ರ ಕಂಪನಿಯದು.

ಪೊಲೀಸ್ ಕೇಸು ಹುಡುಗನ ಮೇಲೆ, ಅದು ಬೇರೆ ದಾರಿ. ಪರಿಹಾರದ ಅರ್ಜಿ ಹೋಗುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, 1988ರ ಮೋಟಾರು ವಾಹನ ಕಾಯ್ದೆಯ ಕಲಂ 166ರಡಿ. ಇಲ್ಲಿ ಹುಡುಗನ ನಿರ್ಲಕ್ಷ್ಯ ತೋರಿಸಬೇಕು. ಅದು ಕಷ್ಟವೆನಿಸಿದರೆ ಕಲಂ 164 ಇದೆ: ಯಾರ ತಪ್ಪೆಂದು ಕೇಳದೆ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ. ಎಲುಬು ಮುರಿದರೆ ಅದು ಕಾನೂನಿನ ಪ್ರಕಾರ ತೀವ್ರ ಗಾಯವೇ.

ಕೊಡಬೇಕಾದವರು ಯಾರು? ಕಲಂ 2(30)ರ ಪ್ರಕಾರ ಯಾರ ಹೆಸರಲ್ಲಿ ನೋಂದಣಿಯಿದೆಯೋ ಅವರೇ ಮಾಲೀಕರು. ಗಾಡಿ ಮಾರಿದ್ದರೂ ಹೆಸರು ಬದಲಾಗದಿದ್ದರೆ ಹೊಣೆ ತಪ್ಪದು ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಸಿಂದಗಿಯಲ್ಲಿ ತೊಗರಿ ರಾಶಿ ಮಾಡುತ್ತಿದ್ದ ಕಾಕಾನಿಗೆ ಪುಣೆಯಿಂದ ನೋಟಿಸ್ ಹೋಗುತ್ತದೆ.

ಕಾಕಾನ ಬೆನ್ನಿಗೆ ವಿಮಾ ಕಂಪನಿ ಇದೆಯಲ್ಲ? ಇದೆ, ಆದರೆ ನಿಮ್ಮ ಸ್ಕೂಟರಿನ ಪಾಲಿಸಿ ತೆಗೆದು ‘ಬಳಕೆಯ ಮಿತಿ’ ಎಂಬ ಸಾಲು ಓದಿ. ಬಾಡಿಗೆಗೆ ಓಡಿಸುವಂತಿಲ್ಲ, ಸ್ವಂತ ಲಗೇಜು ಮತ್ತು ಸ್ಯಾಂಪಲ್ ಬಿಟ್ಟು ಸರಕು ಸಾಗಿಸುವಂತಿಲ್ಲ ಎಂದಿರುತ್ತದೆ. ಬೇರೊಬ್ಬರ ಬಿರಿಯಾನಿ ಸ್ವಂತ ಲಗೇಜು ಹೇಗಾದೀತು? ವಿಮೆಯವರ ವಕೀಲರು ಹಿಡಿಯುವುದು ಈ ಸಾಲನ್ನೇ. ಇಂಥ ಷರತ್ತುಭಂಗದ ಜಗಳಗಳಲ್ಲಿ ನ್ಯಾಯಮಂಡಳಿಗಳು ಹಲವು ಬಾರಿ 2004ರ ಸ್ವರಣ್ ಸಿಂಗ್ ತೀರ್ಪಿನ ದಾರಿ ಹಿಡಿಯುತ್ತವೆ: ವಿಮಾ ಕಂಪನಿ ಮೊದಲು ಅಜ್ಜರಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ. ಅಜ್ಜರು ಪಾರು, ಕಾಕಾ ಸಿಕ್ಕಿಬಿದ್ದ.

ಈಗ ಆ್ಯಪ್ ಕಂಪನಿ. ಹುಡುಗ ಅದರ ನೌಕರನೆಂದಾದರೆ ಅವನ ತಪ್ಪಿಗೆ ಅದನ್ನೂ ಹೊಣೆ ಮಾಡಬಹುದು. ಕರಾರಿನಲ್ಲಿ ಹುಡುಗ ನೌಕರನಲ್ಲ, ‘ಪಾರ್ಟ್ನರ್’. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇಂಥ ಗಿಗ್ ಕಾರ್ಮಿಕನನ್ನು ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗಿನವನೆಂದೇ ಕರೆಯುತ್ತದೆ. ಕಂಪನಿ ವಕೀಲರು ಇದನ್ನು ಗಟ್ಟಿಯಾಗಿ ಓದುತ್ತಾರೆ. ನೀವು 1973ರ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ತೀರ್ಪು ತೆಗೆಯಿರಿ. ಪೀಸ್ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ, ಬೇರೆ ಅಂಗಡಿಗೂ ಹೊಲಿಯಬಹುದಾಗಿದ್ದ ದರ್ಜಿಗಳನ್ನು ಕೋರ್ಟ್ ನೌಕರರೆಂದೇ ಒಪ್ಪಿತು. ಆರ್ಡರ್ ಲೆಕ್ಕದ ದುಡಿಮೆಗೂ ಇದಕ್ಕೂ ಹೋಲಿಕೆ ಕಾಣುತ್ತದೆಯೇ? ಆದರೆ ಅಲ್ಲಿ ಹೊಲಿಗೆ ಯಂತ್ರ ಅಂಗಡಿಯದು, ಇಲ್ಲಿ ಸ್ಕೂಟರ್ ಕಾಕಾನದು. ಈ ವ್ಯತ್ಯಾಸ ಮುಚ್ಚಿಡದೆ ಬರೆಯಿರಿ. ದಾರಿ, ಸಮಯ, ದಂಡ ಎಲ್ಲವನ್ನೂ ಆ್ಯಪ್ ಹೇಳುತ್ತಿದ್ದರೆ ಅದು ಹತೋಟಿಯೇ ಎಂದು ನನ್ನ ಅನಿಸಿಕೆ. ಕಂಪನಿಯನ್ನೂ ಪ್ರತಿವಾದಿ ಮಾಡುವುದು ಜಾಣತನ.

ಅರ್ಜಿಗೆ ಅಪಘಾತದಿಂದ ಆರು ತಿಂಗಳ ಗಡುವೆಂದು ಕಲಂ 166(3) ಹೇಳುತ್ತದೆ. ಪುಣೆಯಲ್ಲೇ ಹಾಕಬೇಕೆಂದಿಲ್ಲ. ಅಜ್ಜರು ಮಗನ ಮನೆಗೆ ಬಂದವರಾಗಿದ್ದು ವಾಸ ಧಾರವಾಡದಲ್ಲಿದ್ದರೆ ಅಲ್ಲೇ ಹಾಕಬಹುದು.

ಹುಡುಗನಿಗೇ ಪೆಟ್ಟಾದರೆ? ಇಲ್ಲಿ ನಮ್ಮ ಕಡೆಯದೇ ಪ್ರಕರಣವಿದೆ, 2009ರ ನಿಂಗಮ್ಮ ತೀರ್ಪು. ಎರವಲು ಬೈಕಿನಲ್ಲಿ ಇಳಕಲ್‌ನಿಂದ ಊರಿಗೆ ಹೊರಟವರು ಎತ್ತಿನ ಗಾಡಿಗೆ ಡಿಕ್ಕಿ ಹೊಡೆದು ತೀರಿಕೊಂಡರು. ಬೈಕ್ ಎರವಲು ಪಡೆದವರು ಮಾಲೀಕರ ಜಾಗದಲ್ಲೇ ನಿಂತಂತೆ, ಹಾಗಾಗಿ ಯಾರ ತಪ್ಪೆಂದು ಕೇಳದೆ ಪರಿಹಾರ ಕೊಡುತ್ತಿದ್ದ ಆಗಿನ ಕಲಂ 163-ಎ ಅಡಿ ಪರಿಹಾರವಿಲ್ಲ ಎಂದಿತು ಸುಪ್ರೀಂ ಕೋರ್ಟ್. ಆ ಬೈಕಿನ ಜಾಗದಲ್ಲಿ ಕಾಕಾನ ಸ್ಕೂಟರ್ ಇಟ್ಟು, ಉತ್ತರ ನೀವೇ ಬರೆದು ನೋಡಿ.