ಸರ್ವರ್‌ಗೆ ರೆಪೊ ಸೇರಿಸುವಾಗ ಒಳಗೆ ಎಂತ ನಡೀತದೆ: ನಮ್ಮ ಬ್ಯಾಚಿನವರಿಗೆ ನೋಟ್ಸ್

ಹೋದ ವಾರ ಸಂಜೆ ಕ್ಲಾಸಲ್ಲಿ ರೆಪೊಸಿಟರಿ (ರೆಪೊ, ಅಂದ್ರೆ ನೆಟ್ಟಲ್ಲಿ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನ ಇಟ್ಟಿರುವ ಉಗ್ರಾಣ) ಪಾಠ ಆಯ್ತಲ್ಲ, ಸುಮಾರು ಜನ ಕಮಾಂಡ್ ಕಾಪಿ ಮಾಡಿ ಪೇಸ್ಟ್ ಮಾಡಿದ್ರು, ಕೆಲಸ ಆಯ್ತು, ಆದ್ರೆ ಯಾವ ಸಾಲು ಯಾಕೆ ಅಂತ ಮರುದಿನ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ನನಗೆ ಅರ್ಥ ಆದದ್ದನ್ನ ಇಲ್ಲಿ ಬರೀತೇನೆ. ಉದಾಹರಣೆ ಎಲ್ಲ ಉಬುಂಟು 24.04 ಅನ್ನುವ ಲಿನಕ್ಸ್‌ದ್ದು, ಅದರ ಕೋಡ್ ಹೆಸರು ನೋಬಲ್. ಕಮಾಂಡ್‌ಗಳನ್ನ ಕನ್ನಡ ಅಕ್ಷರದಲ್ಲೇ ಬರ್ದಿದ್ದೇನೆ, ಟರ್ಮಿನಲಲ್ಲಿ ಇಂಗ್ಲಿಷಲ್ಲಿ ಟೈಪ್ ಮಾಡಿ.

ಮೊದಲು ಒಂದು ಮಾತು, ಇದು ತಲೆಗೆ ಹೋದ್ರೆ ಉಳಿದದ್ದೆಲ್ಲ ಸುಲಭ. ಒಂದು ಡೆಬ್ ಪ್ಯಾಕೇಜ್ (ಉಬುಂಟುವಿನ ಸಾಫ್ಟ್‌ವೇರ್ ಕಟ್ಟು) ಇನ್‌ಸ್ಟಾಲ್ ಆಗುವಾಗ ಅದರ ಒಳಗಿರುವ ಸ್ಕ್ರಿಪ್ಟ್ ರೂಟ್ ಅಧಿಕಾರದಲ್ಲಿ, ಅಂದ್ರೆ ಸಿಸ್ಟಮ್‌ನ ಪೂರ್ತಿ ಅಧಿಕಾರದಲ್ಲಿ ಓಡ್ತದೆ. ಯೂಸರ್ ಸೇರಿಸ್ತದೆ, ಸರ್ವಿಸ್ ಶುರು ಮಾಡ್ತದೆ, ಬೇಕಾದ್ರೆ ಎಂತದು ಬೇಕಾದ್ರೂ ಮಾಡಬಹುದು. ಅಂದ್ರೆ ನೀವು ರೆಪೊ ಒಂದನ್ನ ಸೇರಿಸಿದ್ರಿ ಅಂದ್ರೆ ಅದನ್ನ ನಡೆಸುವವರ ಕೈಗೆ ಸರ್ವರ್‌ನ ಕೀಲಿಕೈ ಕೊಟ್ಟ ಹಾಗೆ, ಇವತ್ತಿಗೆ ಮಾತ್ರ ಅಲ್ಲ, ಮುಂದೆ ಅಪ್‌ಗ್ರೇಡ್ ಕೊಡುವ ಪ್ರತಿ ಸಲಕ್ಕೂ. ಆದ್ದರಿಂದ ರೆಪೊ ಕಾನ್ಫಿಗರ್ ಮಾಡುದು ಅಂದ್ರೆ ಅಡ್ರೆಸ್ ಬರೆಯುವ ಕೆಲಸ ಮಾತ್ರ ಅಲ್ಲ, ಯಾರನ್ನ ಎಷ್ಟು ನಂಬ್ತೇವೆ ಅಂತ ಬರೆಯುವ ಕೆಲಸ.

ಈಗ ಉಬುಂಟುವಿನಲ್ಲಿ ಪ್ಯಾಕೇಜ್ ತರುವ ಆಪ್ಟ್ ಅನ್ನುವ ಟೂಲ್‌ನ ಅಪ್ಡೇಟ್ ಮತ್ತೆ ಅಪ್‌ಗ್ರೇಡ್. ಇದರಲ್ಲಿ ಎಲ್ಲರಿಗೂ ಗೊಂದಲ. ನಮ್ಮ ಉಡುಪಿ ಕಡೆಯವರಿಗೆ ಸುಲಭದಲ್ಲಿ ಹೇಳಬಹುದು: ಶಂಕರಪುರ ಮಲ್ಲಿಗೆಗೆ ದಿನಾ ಅಟ್ಟೆಗೆ ಇಷ್ಟು ಅಂತ ದರ ನಿಗದಿ ಆಗ್ತದಲ್ಲ, ಆ ದರ ಕೇಳಿ ತಿಳ್ಕೊಂಡದ್ದು ಆಪ್ಟ್ ಅಪ್ಡೇಟ್. ಹೂ ಇನ್ನೂ ಮನೆಗೆ ಬರ್ಲಿಲ್ಲ. ದುಡ್ಡು ಕೊಟ್ಟು ಹೂ ತಂದದ್ದು ಆಪ್ಟ್ ಇನ್‌ಸ್ಟಾಲ್ ಅಥವಾ ಅಪ್‌ಗ್ರೇಡ್. ನಿನ್ನೆಯ ದರ ಹಿಡ್ಕೊಂಡು ಇವತ್ತು ಹೂ ಕೇಳಿದ್ರೆ ಮಾತು ಸರಿ ಬರುದಿಲ್ಲ, ಹಾಗೇ ಹಳೇ ಪಟ್ಟಿ ಇಟ್ಕೊಂಡು ಇನ್‌ಸ್ಟಾಲ್ ಕೊಟ್ರೆ 404 ಬರ್ತದೆ, ಯಾಕಂದ್ರೆ ಆ ವರ್ಷನ್‌ನ ಫೈಲನ್ನ ರೆಪೊದಲ್ಲಿ ತೆಗೆದು ಹೊಸದು ಹಾಕಿ ಆಗಿರ್ತದೆ. ಇಳಿಸಿಕೊಂಡ ಪಟ್ಟಿಗಳು ವಾರ್ ಫೋಲ್ಡರ್‌ನ ಲಿಬ್ ಒಳಗೆ ಆಪ್ಟ್, ಅದರೊಳಗೆ ಲಿಸ್ಟ್ಸ್ ಅನ್ನುವಲ್ಲಿ ಇರ್ತವೆ, ಒಮ್ಮೆ ಹೋಗಿ ತೆರೆದು ನೋಡಿ, ಬರೇ ಟೆಕ್ಸ್ಟ್ ಫೈಲ್‌ಗಳು, ಓದ್ಲಿಕ್ಕೆ ಆಗ್ತದೆ.

ಅಲ್ಲಿ ಇನ್‌ರಿಲೀಸ್ ಅಂತ ಮುಗಿಯುವ ಫೈಲ್ ಕಾಣ್ತದೆ, ಇಡೀ ವ್ಯವಸ್ಥೆಯ ಬೇರು ಅದೇ. ಅದರ ಒಳಗೆ ತಾರೀಕು ಉಂಟು, ಮತ್ತೆ ಪ್ಯಾಕೇಜಸ್ ಅನ್ನುವ ಪಟ್ಟಿ ಫೈಲ್‌ಗಳ ಶಾ256 ಹ್ಯಾಶ್ (ಫೈಲ್ ಸ್ವಲ್ಪ ಬದಲಾದ್ರೂ ಬದಲಾಗುವ ಗುರುತು) ಉಂಟು, ಕೆಳಗೆ ರೆಪೊದವರ ಜಿಪಿಜಿ ಸಹಿ ಉಂಟು, ಅಂದ್ರೆ ಅವರ ಗುಟ್ಟಿನ ಕೀಯಿಂದ ಹಾಕಿದ ಡಿಜಿಟಲ್ ಸಹಿ, ಅದನ್ನ ಪರೀಕ್ಷೆ ಮಾಡುವ ಕೀ ನಮ್ಮ ಹತ್ರ ಇರ್ತದೆ. ಪ್ಯಾಕೇಜಸ್ ಫೈಲ್ ಒಳಗೆ ಒಂದೊಂದು ಡೆಬ್‌ನ ಹ್ಯಾಶ್. ಅಂದ್ರೆ ಸಹಿ ಒಂದೇ, ಆದ್ರೆ ಅದರಿಂದ ಪಟ್ಟಿ ಗಟ್ಟಿ, ಪಟ್ಟಿಯಿಂದ ಡೆಬ್ ಗಟ್ಟಿ, ಹೀಗೆ ಕೊಂಡಿ ಕೊಂಡಿ ಆಗಿ ಇಳೀತದೆ. ಉಬುಂಟುವಿನ ಅಡ್ರೆಸ್ ಈಗ್ಲೂ ಎಚ್‌ಟಿಟಿಪಿ ಉಂಟಲ್ಲ, ಸೇಫಾ ಅಂತ ಕ್ಲಾಸಲ್ಲಿ ಒಬ್ರು ಕೇಳಿದ್ರು, ಒಳ್ಳೆ ಪ್ರಶ್ನೆ. ದಾರಿಯಲ್ಲಿ ಯಾರಾದ್ರೂ ಡೆಬ್ ಬದಲಾಯಿಸಿದ್ರೆ ಹ್ಯಾಶ್ ಕೂಡುದಿಲ್ಲ, ಆಪ್ಟ್ ತಗೊಳ್ಳುದಿಲ್ಲ. ನೀವು ಎಂತ ಇಳಿಸ್ತೀರಿ ಅಂತ ನೋಡ್ಲಿಕ್ಕೆ ಆಗದ ಹಾಗೆ ಮಾಡ್ಲಿಕ್ಕೆ ಎಚ್‌ಟಿಟಿಪಿಎಸ್ ಒಳ್ಳೇದು, ಆದ್ರೆ ಪ್ಯಾಕೇಜ್ ಅಸಲಿಯಾ ಅಂತ ಹೇಳುದು ಸಹಿ.

ಫೈಲ್‌ಗೆ ಬರುವಾ. ಹಳೇ ಉಬುಂಟುವಿನಲ್ಲಿ ಇಟಿಸಿ ಫೋಲ್ಡರ್‌ನ ಆಪ್ಟ್ ಒಳಗೆ ಸೋರ್ಸಸ್ ಡಾಟ್ ಲಿಸ್ಟ್ ಅಂತ ಇತ್ತು, ಒಂದು ರೆಪೊಗೆ ಒಂದು ಉದ್ದ ಸಾಲು. 24.04ರಲ್ಲಿ ಅಲ್ಲೇ ಪಕ್ಕದ ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಫೋಲ್ಡರ್ ಒಳಗೆ ಉಬುಂಟು ಡಾಟ್ ಸೋರ್ಸಸ್ ಅನ್ನುವ ಫೈಲ್. ಇದರಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಸಾಲು: ಟೈಪ್ಸ್ ಅಂತ ಇರುವಲ್ಲಿ ಡೆಬ್, ಯುಆರ್‌ಐಸ್ ಅಂತ ಇರುವಲ್ಲಿ ಅಡ್ರೆಸ್, ಸೂಟ್ಸ್‌ನಲ್ಲಿ ನೋಬಲ್, ನೋಬಲ್-ಅಪ್ಡೇಟ್ಸ್, ನೋಬಲ್-ಬ್ಯಾಕ್‌ಪೋರ್ಟ್ಸ್, ಕಾಂಪೊನೆಂಟ್ಸ್‌ನಲ್ಲಿ ಮೇನ್, ರಿಸ್ಟ್ರಿಕ್ಟೆಡ್, ಯೂನಿವರ್ಸ್, ಮಲ್ಟಿವರ್ಸ್, ಕಡೆಗೆ ಸೈನ್ಡ್-ಬೈ. ನೋಬಲ್-ಸೆಕ್ಯುರಿಟಿಗೆ ಕೆಳಗೆ ಬೇರೆ ತುಂಡು, ಅಡ್ರೆಸ್ ಕೂಡ ಬೇರೆ. ಎರಡು ತುಂಡಿನ ನಡುವೆ ಒಂದು ಖಾಲಿ ಸಾಲು ಬೇಕೇ ಬೇಕು, ಅದು ತಪ್ಪಿದ್ರೆ ಎರಡೂ ಒಂದೇ ಅಂತ ಓದಿಬಿಡ್ತದೆ.

ಸೈನ್ಡ್-ಬೈ ಸಾಲನ್ನ ಬಹಳ ಜನ ಬಿಟ್ಟುಬಿಡ್ತಾರೆ, ನನಗೆ ಅದೇ ಬೇಸರ. ಮೊದಲೆಲ್ಲ ಆಪ್ಟ್-ಕೀ ಅನ್ನುವ ಕಮಾಂಡಲ್ಲಿ ಕೀ ಸೇರಿಸ್ತಿದ್ರು. ಹಾಗೆ ಸೇರಿಸಿದ ಕೀಯನ್ನ ಎಲ್ಲಾ ರೆಪೊಗೂ ಒಪ್ತಿತ್ತು, ಅಂದ್ರೆ ಯಾವುದೋ ಸಣ್ಣ ಟೂಲ್‌ನವರ ಕೀಯಿಂದ ಸಹಿ ಮಾಡಿದ ಪಟ್ಟಿ ಉಬುಂಟುವಿನ ಹೆಸರಲ್ಲಿ ಬಂದ್ರೂ ಆಪ್ಟ್ ತಲೆ ಆಡಿಸ್ತಿತ್ತು. ಅದಕ್ಕೇ ಅದನ್ನ ಬಿಡಿ ಅಂತ ಉಬುಂಟುವಿನ ಮೂಲವಾದ ಡೆಬಿಯನ್‌ನವರೇ ಹೇಳಿದ್ದು. ಈಗ ಕೀಯನ್ನ ಇಟಿಸಿ, ಆಪ್ಟ್, ಕೀರಿಂಗ್ಸ್ ಫೋಲ್ಡರಲ್ಲಿ ಇಟ್ಟು ಸೈನ್ಡ್-ಬೈ ಸಾಲಲ್ಲಿ ಆ ಫೈಲ್‌ನ ದಾರಿ ಬರೆದ್ರೆ ಆ ಕೀ ಆ ರೆಪೊಗೆ ಮಾತ್ರ.

ಒಂದು ನಿಜವಾದ ಉದಾಹರಣೆ ಮಾಡುವಾ. ನೋಬಲ್ ಜೊತೆ ಬರುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ 16ನೇ ವರ್ಷನ್. 2024ರ ಸೆಪ್ಟೆಂಬರಲ್ಲಿ 17 ಬಂತು, ಅದು ಬೇಕಾದ್ರೆ ಪೋಸ್ಟ್‌ಗ್ರೆಸ್‌ನವರದ್ದೇ ರೆಪೊ ಉಂಟು. ಮೊದಲು ಅವರ ವೆಬ್‌ಸೈಟಿಂದ ಕೀ ಫೈಲನ್ನ ಕರ್ಲ್ ಕೊಟ್ಟು ಇಳಿಸಿ, ಡಾಟ್ ಎಎಸ್‌ಸಿ ಅಂತ ಮುಗೀತದೆ, ಕೀರಿಂಗ್ಸಲ್ಲಿ ಹಾಕಿ. ಮತ್ತೆ ಜಿಪಿಜಿ ಶೋ-ಕೀಸ್ ಕೊಟ್ಟು ಫಿಂಗರ್‌ಪ್ರಿಂಟ್ (ಕೀಯನ್ನ ಗುರುತಿಸುವ ಉದ್ದ ಸಂಖ್ಯೆ) ನೋಡಿ, ಅವರ ಸೈಟಲ್ಲಿ ಹಾಕಿದ್ದಕ್ಕೆ ಹೋಲಿಸಿ, ಅಕ್ಷರ ಅಕ್ಷರ. ಇದಕ್ಕೆ ಎರಡು ನಿಮಿಷ ಸಾಕು ಮಾರಾಯ್ರೆ, ಇದನ್ನ ಮಾತ್ರ ಬಿಡಬೇಡಿ. ಆಮೇಲೆ ಪಿಜಿಡಿಜಿ ಡಾಟ್ ಸೋರ್ಸಸ್ ಅಂತ ಹೊಸ ಫೈಲ್ ಮಾಡಿ ಟೈಪ್ಸ್ ಡೆಬ್, ಅಡ್ರೆಸ್ ಅವರದ್ದು, ಸೂಟ್ಸ್‌ಗೆ ನೋಬಲ್-ಪಿಜಿಡಿಜಿ, ಕಾಂಪೊನೆಂಟ್ಸ್‌ಗೆ ಮೇನ್, ಸೈನ್ಡ್-ಬೈಗೆ ಈಗ ಇಟ್ಟ ಕೀಯ ದಾರಿ. ಸುಡೊ ಆಪ್ಟ್ ಅಪ್ಡೇಟ್. ಸಾಲುಗಳ ಎದುರು ಹಿಟ್ ಅಂತ ಬಂದ್ರೆ ಪಟ್ಟಿ ಬದಲಾಗಿಲ್ಲ, ಗೆಟ್ ಅಂತ ಬಂದ್ರೆ ಹೊಸತು ಇಳಿಸಿತು, ಎರ್ರ್ ಬಂದ್ರೆ ನಿಲ್ಲಿ, ಓದಿ.

ಓದಿ ಅಂತ ಯಾಕೆ ಹೇಳ್ತೇನೆ ಅಂದ್ರೆ ಈ ಜುಲೈ ಮಳೆಗೆ ಆದದ್ದು ಕೇಳಿ. ಮಂಗಳೂರಿನ ಕಂಕನಾಡಿಯ ಒಂದು ಸಣ್ಣ ಆಫೀಸಲ್ಲಿ ಹಳೇ ಡೆಸ್ಕ್‌ಟಾಪ್ ಒಂದನ್ನ ಸರ್ವರ್ ಮಾಡಿ ಇಟ್ಟಿದ್ದೇವೆ, ನಾನು ನೋಡ್ಕೊಳ್ಳುದು. ಶುಕ್ರವಾರ ರಾತ್ರಿ ಗಾಳಿ ಮಳೆಗೆ ಕರೆಂಟ್ ಹೋದದ್ದು, ಶನಿವಾರ ಆಫೀಸಿಗೂ ರಜೆ ಕೊಟ್ರು, ಸೋಮವಾರ ಬೆಳಿಗ್ಗೆ ಅಲ್ಲಿಯ ಹುಡುಗ ಸಿಸ್ಟಮ್ ಆನ್ ಮಾಡಿ ಫೋನ್ ಮಾಡಿದ, ಅಕ್ಕ, ನೆಟ್ ಉಂಟು, ಆದ್ರೂ ಅಪ್ಡೇಟ್ ಆಗ್ತಾ ಇಲ್ಲ ಅಂತ. ಹೋಗಿ ನೋಡಿದ್ರೆ ನೋಬಲ್ ಸಾಲು ಸರಿ ಬಂದಿದೆ, ನೋಬಲ್-ಅಪ್ಡೇಟ್ಸ್ ಮತ್ತೆ ನೋಬಲ್-ಸೆಕ್ಯುರಿಟಿ ಎರಡಕ್ಕೆ ಮಾತ್ರ ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್ ಅಂತ. ಅವನು ಅಷ್ಟರಲ್ಲಿ ನೆಟ್ಟಲ್ಲಿ ಹುಡುಕಿ ತಾರೀಕು ನೋಡುದನ್ನೇ ಬಂದ್ ಮಾಡುವ ಆಪ್ಶನ್ ರೆಡಿ ಮಾಡಿ ಇಟ್ಟಿದ್ದ, ಎಂಟರ್ ಒತ್ತುದು ಮಾತ್ರ ಬಾಕಿ.

ಎರರಲ್ಲೇ ಉತ್ತರ ಉಂಟು ನೋಡಿ. ಫೈಲ್ ಇನ್ನೂ ಚಾಲ್ತಿಗೆ ಬರ್ಲಿಲ್ಲ ಅಂತ ಅದು ಹೇಳ್ತದೆ, ಅಂದ್ರೆ ಫೈಲ್‌ನ ತಾರೀಕು ಸರ್ವರ್‌ನ ಗಡಿಯಾರಕ್ಕಿಂತ ಮುಂದೆ ಉಂಟು. ನೋಬಲ್‌ನ ಮೂಲ ಪಟ್ಟಿ 2024ರ ಏಪ್ರಿಲಲ್ಲಿ ಬಿಡುಗಡೆ ಆದಾಗಿಂದ ಬದಲಾಗುದಿಲ್ಲ, ಹಾಗಾಗಿ ಅದಕ್ಕೆ ತೊಂದರೆ ಇಲ್ಲ. ಉಳಿದ ಎರಡು ದಿನಾ ಬದಲಾಗುವಂಥದ್ದು. ಟೈಮ್‌ಡೇಟ್‌ಸಿಟಿಎಲ್ ಕೊಟ್ಟೆ, ಗಡಿಯಾರ ಶುಕ್ರವಾರ ರಾತ್ರಿಯಲ್ಲೇ ನಿಂತಿದೆ, ಸಿಂಕ್ರೊನೈಸ್ಡ್ ಎದುರು ನೋ. ಮದರ್‌ಬೋರ್ಡಿನ ಸಿಆರ್2032 ಬ್ಯಾಟ್ರಿ ಸತ್ತಿದೆ, ಹಾಗಾಗಿ ಆಫ್ ಇದ್ದಷ್ಟು ಹೊತ್ತಿನ ಲೆಕ್ಕ ಇಲ್ಲ, ಆನ್ ಆದಾಗ ಸಿಸ್ಟಮ್‌ಡಿ (ಸಿಸ್ಟಮನ್ನ ಶುರು ಮಾಡಿ ನಡೆಸುವ ಪ್ರೋಗ್ರಾಮ್) ತಾನು ಕೊನೆಗೆ ಉಳಿಸಿಟ್ಟ ಹೊತ್ತನ್ನೇ ಎತ್ತಿಕೊಂಡಿದೆ. ನೆಟ್ಟಿಂದ ಹೊತ್ತು ಕೇಳಿ ಸರಿ ಮಾಡ್ಬೇಕಿತ್ತು, ಆದ್ರೆ ಆಫೀಸಿನ ಫೈರ್‌ವಾಲಲ್ಲಿ ಅದಕ್ಕೆ ಬೇಕಾದ ಯುಡಿಪಿ 123ನೇ ಪೋರ್ಟ್ ಬಂದ್. ಹಂಪನಕಟ್ಟೆಯಿಂದ ಹೊಸ ಬ್ಯಾಟ್ರಿ ತರಿಸಿ ಹಾಕಿ, ಪೋರ್ಟ್ ಬಿಡಿಸಿದ್ದು, ಮತ್ತೆ ಅಪ್ಡೇಟ್ ಒಂದೇ ಸಲಕ್ಕೆ ಹೋಯ್ತು. ತಾರೀಕಿನ ಪರೀಕ್ಷೆ ಬಂದ್ ಮಾಡಿದ್ದಿದ್ರೆ ಆವತ್ತಿಗೆ ಅಪ್ಡೇಟ್ ಆಗ್ತಿತ್ತು ನಿಜ, ಆದ್ರೆ ಗಡಿಯಾರ ತಪ್ಪೇ ಉಳೀತಿತ್ತು, ಲಾಗ್‌ಗಳ ಹೊತ್ತು ತಪ್ಪು, ಸರ್ಟಿಫಿಕೇಟ್ ಲೆಕ್ಕ ತಪ್ಪು. ಡೆಬಿಯನ್‌ನ ಸೆಕ್ಯುರಿಟಿ ಪಟ್ಟಿಯಲ್ಲಿ ಇಂಥ ತಾರೀಕಿನವರೆಗೆ ಮಾತ್ರ ಚಾಲ್ತಿ ಅಂತ ಕೂಡ ಬರೆದಿರ್ತದೆ, ಹಳೇ ಪಟ್ಟಿಯನ್ನೇ ಮತ್ತೆ ಮತ್ತೆ ತೋರಿಸಿ ಹೊಸ ಫಿಕ್ಸ್ ನಿಮಗೆ ತಲುಪದ ಹಾಗೆ ಯಾರೂ ಮಾಡಬಾರ್ದು ಅಂತ. ತಾರೀಕು ಅಲ್ಲಿ ಸುಮ್ಮನೆ ಇರುದಲ್ಲ.

ಉಳಿದ ಎರರ್‌ಗಳು ಬೇಗ ಬೇಗ ಹೇಳ್ತೇನೆ. ನೋ ಪಬ್‌ಕೀ ಅಂದ್ರೆ ಆ ಸಹಿಯ ಕೀ ನಿಮ್ಮ ಹತ್ರ ಇಲ್ಲ ಅಥವಾ ಸೈನ್ಡ್-ಬೈ ದಾರಿ ತಪ್ಪು, ಕೀ ಫೈಲನ್ನ ರೂಟ್ ಮಾತ್ರ ಓದುವ ಹಾಗೆ ಇಟ್ಟಿದ್ರೂ ಇದೇ ಬರ್ತದೆ, 644 ಪರ್ಮಿಶನ್ ಕೊಡಿ. ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್ ಅಂದ್ರೆ ಡಿಎನ್‌ಎಸ್ (ವೆಬ್ ಹೆಸರಿಂದ ಅಡ್ರೆಸ್ ಹುಡುಕುವ ವ್ಯವಸ್ಥೆ) ತೊಂದರೆ, ಆಪ್ಟ್‌ದ್ದು ಎಂತದೂ ಇಲ್ಲ. ಹ್ಯಾಶ್ ಸಮ್ ಮಿಸ್‌ಮ್ಯಾಚ್ ಬಂದ್ರೆ ಹೆಚ್ಚಾಗಿ ನಡುವಿನ ಪ್ರಾಕ್ಸಿ ಹಳೇ ಫೈಲ್ ಕೊಡ್ತಾ ಇರ್ತದೆ, ಅಥವಾ ಮಿರರ್ (ರೆಪೊದ ನಕಲು ಇಟ್ಟಿರುವ ಸರ್ವರ್) ಆಗಷ್ಟೇ ಬದಲಾಗ್ತಾ ಇರ್ತದೆ, ಸ್ವಲ್ಪ ಬಿಟ್ಟು ನೋಡಿ. ಲಾಕ್ ಸಿಗ್ಲಿಲ್ಲ ಅಂತ ಬಂದ್ರೆ ಹಿಂದಿನಿಂದ ಅನ್‌ಅಟೆಂಡೆಡ್ ಅಪ್‌ಗ್ರೇಡ್ (ತನ್ನಷ್ಟಕ್ಕೆ ನಡೆಯುವ ಅಪ್‌ಗ್ರೇಡ್) ಓಡ್ತಾ ಇರಬಹುದು, ಕಾಯಿರಿ, ಲಾಕ್ ಫೈಲನ್ನ ಅಳಿಸಬೇಡಿ, ಅರ್ಧಕ್ಕೆ ನಿಂತ ಡಿಪಿಕೆಜಿಯನ್ನ (ಡೆಬ್ ಬಿಚ್ಚಿ ಹಾಕುವ ಟೂಲ್) ಸರಿ ಮಾಡುದು ಕಷ್ಟ. ಟ್ರಸ್ಟೆಡ್ ಯೆಸ್ ಹಾಕಿ ಅಂತ ಯಾರು ಹೇಳಿದ್ರೂ ಹಾಕಬೇಡಿ, ಅದು ಸಹಿಯನ್ನೇ ನೋಡಬೇಡ ಅಂತ ಹೇಳಿದ ಹಾಗೆ.

ಆಲ್ಮಾ, ರಾಕಿ ಇಂಥ ಬೇರೆ ಲಿನಕ್ಸ್‌ಗಳಿಗೆ ಹೆಸರು ಬೇರೆ, ವಿಷಯ ಅದೇ, ಆಪ್ಟ್ ಬದಲು ಅಲ್ಲಿ ಡಿಎನ್‌ಎಫ್. ಇಟಿಸಿ ಒಳಗೆ ಯಮ್ ಡಾಟ್ ರೆಪೋಸ್ ಡಾಟ್ ಡಿ ಫೋಲ್ಡರ್, ಒಂದೊಂದು ಫೈಲ್ ಡಾಟ್ ರೆಪೊ ಅಂತ ಮುಗೀತದೆ, ಬೇಸ್‌ಯುಆರ್‌ಎಲ್, ಎನೇಬಲ್ಡ್, ಜಿಪಿಜಿಚೆಕ್, ಜಿಪಿಜಿಕೀ ಸಾಲುಗಳು. ಜಿಪಿಜಿಚೆಕ್ 1 ಇರ್ಬೇಕು, 0 ಕಂಡ್ರೆ ಯಾರು ಹಾಕಿದ್ದು ಅಂತ ಕೇಳಿ. ಡಿಎನ್‌ಎಫ್ ರೆಪೊಲಿಸ್ಟ್ ಕೊಟ್ರೆ ಚಾಲ್ತಿಯಲ್ಲಿ ಇರುವುದೆಲ್ಲ ಕಾಣ್ತದೆ. ಅದೇ ಗುಂಪಿನ ಹಳೇ ಸೆಂಟ್‌ಒಎಸ್ 7 ಇನ್ನೂ ಎಲ್ಲಾದ್ರೂ ಓಡ್ತಾ ಇದ್ರೆ, ಅದರ ಕಾಲ 2024ರ ಜೂನ್ 30ಕ್ಕೆ ಮುಗಿದಿದೆ, ಹಳೇ ಮಿರರ್ ಲಿಸ್ಟ್ ಸಿಗುದಿಲ್ಲ, ಪ್ಯಾಕೇಜ್‌ಗಳು ವಾಲ್ಟ್ ಅನ್ನುವ ಆರ್ಕೈವಲ್ಲಿ ಉಂಟು, ಆದ್ರೆ ಅದಕ್ಕೆ ಹೊಸ ಸೆಕ್ಯುರಿಟಿ ಫಿಕ್ಸ್ ಬರುದಿಲ್ಲ. ಬೇರೆಡೆ ಹೋಗುವ ತಯಾರಿಗೆ ಮಾತ್ರ ಅದನ್ನ ಬಳಸಿ.

ಪೋಸ್ಟ್‌ಗ್ರೆಸ್‌ಗೆ ವಾಪಸ್ ಬರ್ತೇನೆ, ಒಂದು ವಿಷಯ ಬಾಕಿ ಉಂಟು. ಹೊರಗಿನ ರೆಪೊ ಸೇರಿಸಿದ್ಮೇಲೆ ಆಪ್ಟ್-ಕ್ಯಾಶ್ ಪಾಲಿಸಿ ಅಂತ ಕೊಟ್ಟು ಪ್ಯಾಕೇಜ್ ಹೆಸರು ಹಾಕಿ ನೋಡಿ. ಉಬುಂಟುದ್ದಕ್ಕೂ ಹೊರಗಿನದ್ದಕ್ಕೂ ಪ್ರಯಾರಿಟಿ 500 ಅಂತಲೇ ಕಾಣ್ತದೆ, ಸಮ ಇದ್ರೆ ವರ್ಷನ್ ದೊಡ್ಡದು ಇದ್ದವರು ಗೆಲ್ತಾರೆ. ಅಂದ್ರೆ ನೀವು 17 ಬೇಕು ಅಂತ ಸೇರಿಸಿದ ರೆಪೊ, ನೀವು ಕೇಳದೆಯೇ ಮೊದಲಿಂದ ಇದ್ದ 16ನ್ನೂ ತನ್ನ ಕಡೆಯ ಪ್ಯಾಕೇಜಿಗೆ ಬದಲಾಯಿಸಬಹುದು. ಬೇಡ ಅಂತಾದ್ರೆ ಪ್ರಿಫರೆನ್ಸಸ್ ಡಾಟ್ ಡಿ ಫೋಲ್ಡರಲ್ಲಿ ಒಂದು ಫೈಲ್ ಮಾಡಿ ಆ ರೆಪೊಗೆ 100 ಕೊಡಿ. ಆಗ ಉಬುಂಟುವಿನಲ್ಲಿ ಇಲ್ಲದ ಪ್ಯಾಕೇಜ್ ಮಾತ್ರ ಅಲ್ಲಿಂದ ಬರ್ತದೆ. ಡಿಪೆಂಡೆನ್ಸಿ ಸಿಗದೆ ಇನ್‌ಸ್ಟಾಲ್ ನಿಂತ್ರೆ ಬೇಕಾದ ಒಂದೆರಡು ಹೆಸರಿಗೆ ಮಾತ್ರ 500 ಕೊಟ್ರೆ ಆಯ್ತು.

ತೆಗೆಯುವಾಗ ಸೋರ್ಸಸ್ ಫೈಲ್ ಅಳಿಸಿ, ಕೀ ಅಳಿಸಿ, ಅಪ್ಡೇಟ್ ಕೊಡಿ. ಆದ್ರೆ ಅಲ್ಲಿಂದ ಬಂದ ಪ್ಯಾಕೇಜ್ ಹೋಗುದಿಲ್ಲ, ಹಾಗೇ ಕೂತಿರ್ತದೆ, ಅದಕ್ಕೆ ಫಿಕ್ಸ್ ತರುವವರು ಇನ್ನು ಯಾರೂ ಇಲ್ಲ. ಡೇಟಾಬೇಸ್ ಆದ್ರೆ ವರ್ಷನ್ ಇಳಿಸಿ ಉಬುಂಟುದ್ದು ಹಾಕುವಾ ಅಂತ ಹೊರಡಬೇಡಿ, 17 ಬರೆದ ಡೇಟಾ ಫೋಲ್ಡರನ್ನ 16 ಓದುದಿಲ್ಲ, ಮೊದಲೇ ಪಿಜಿ-ಡಂಪ್ (ಡೇಟಾದ ಬ್ಯಾಕಪ್) ತೆಗೆದಿಡಿ. ಇಂಥ ದಿಕ್ಕಿಲ್ಲದ ಪ್ಯಾಕೇಜ್ ಹುಡುಕ್ಲಿಕ್ಕೆ ಆಪ್ಟ್ ಲಿಸ್ಟ್‌ಗೆ ಇನ್‌ಸ್ಟಾಲ್ಡ್ ಆಪ್ಶನ್ ಕೊಟ್ಟು ಲೋಕಲ್ ಅಂತ ಇರುವ ಸಾಲನ್ನ ಗ್ರೆಪ್ ಮಾಡಿ. ಕಂಕನಾಡಿಯ ಆ ಡೆಸ್ಕ್‌ಟಾಪಲ್ಲಿ ಬ್ಯಾಟ್ರಿ ಹಾಕಿದ ದಿನವೇ ಮಾಡಿದೆ, ಮೂರು ಸಿಕ್ಕಿತು, ಎರಡನ್ನ ತೆಗೆದಾಯ್ತು, ಒಂದರ ರೆಪೊವನ್ನ ಸೈನ್ಡ್-ಬೈ ಸಾಲು ಹಾಕಿ ವಾಪಸ್ ಸೇರಿಸಿದ್ದೇನೆ.