ಸ್ಟೇಜ್ ಲೆಕ್ಕ ಮತ್ತು ಮುಂಬಯಿಯ ವಿನೆಗರ್

ಕಲಬುರಗಿ ಕಡೆಯಿಂದ ರೈಲು ಹತ್ತಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಬಂದವರಿರಲಿ, ಧಾರಾವಿಯಲ್ಲೇ ನೆಲೆಸಿದ ಕನ್ನಡಿಗರಿರಲಿ, ಮನೆಯ ಹೆಂಗಸಿಗೆ ಕ್ಯಾನ್ಸರ್ ಎಂದೊಡನೆ ಕೇಳುವುದು ‘ಯಾವ ಸ್ಟೇಜ್ ಡಾಕ್ಟರೇ?’ ಎಂದೇ.

ಈ ಲೆಕ್ಕ ಹಳೆಯದು. ರೇಡಿಯಂ ಚಿಕಿತ್ಸೆಯ ಫಲಿತಾಂಶವನ್ನು ಹೋಲಿಸಿ ನೋಡಲು ಎಲ್ಲರಿಗೂ ಒಪ್ಪುವ ಅಳತೆ ಬೇಕೆಂದು ಅಂದಿನ ರಾಷ್ಟ್ರಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್ 1929ರಲ್ಲಿ ಗರ್ಭಕಂಠದ, ಎಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿಗೆ ಹಂತಗಳನ್ನು ಗೊತ್ತುಮಾಡಿತು. 1958ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ ‘ಫಿಗೊ’ ಆ ಹೊಣೆ ಹೊತ್ತಿತು. ಗಡ್ಡೆ ಗರ್ಭಕಂಠದಲ್ಲೇ ಇದ್ದರೆ ಒಂದನೇ ಹಂತ; ಆಚೆ ಚಾಚಿಯೂ ಕಿಬ್ಬೊಟ್ಟೆಯ ಪಕ್ಕದ ಗೋಡೆ ಮುಟ್ಟದಿದ್ದರೆ ಎರಡು; ಮುಟ್ಟಿದರೆ ಮೂರು; ಮೂತ್ರಕೋಶ, ಗುದನಾಳ ಅಥವಾ ದೂರದ ಅಂಗಕ್ಕೆ ಹಬ್ಬಿದರೆ ನಾಲ್ಕು. ವೈದ್ಯರು ಇದನ್ನು ಮುಖ್ಯವಾಗಿ ಬೆರಳಿನಿಂದ ಮುಟ್ಟಿಯೇ ನಿರ್ಧರಿಸುತ್ತಿದ್ದರು. ಎಂಆರ್‌ಐ ಇಲ್ಲದ ಊರಿಗೂ ಅದೇ ಅಳತೆ ಸಲ್ಲಲಿ ಎಂಬ ಈ ಹಟ ನನಗೆ ಇಂದಿಗೂ ಸರಿಯೆನಿಸುತ್ತದೆ. ಸ್ಕ್ಯಾನಿಂಗ್ ವರದಿಗೆ ಪೂರ್ಣ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿದ್ದರೆ ಮೂರನೇ ಹಂತವೆಂದು ಆಗಲೇ ಸೇರಿಸಿದರು.

ಹೆಂಗಸರ ಜನನಾಂಗಗಳ ಬೇರೆ ಬೇರೆ ಕ್ಯಾನ್ಸರುಗಳೆಲ್ಲವನ್ನೂ ‘ಗರ್ಭಕೋಶದ ಕ್ಯಾನ್ಸರ್’ ಎಂದು ಒಂದೇ ಗಂಟು ಕಟ್ಟುವುದು ನಮ್ಮ ರೂಢಿ. ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಬೊಜ್ಜು, ಈಸ್ಟ್ರೋಜನ್ ಹಾರ್ಮೋನಿನ ನಂಟು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡಬಾರದು. ಅಂಡಾಶಯದ್ದು ಹೊಟ್ಟೆಯುಬ್ಬರದ ಮರೆಯಲ್ಲಿ ಬೆಳೆದು ಬಹುಪಾಲು ಮೂರನೇ ಹಂತಕ್ಕೆ ಬಂದ ಮೇಲೆ ತಿಳಿಯುತ್ತದೆ. ಕೆಲವರಲ್ಲಿ ಬಿಆರ್‌ಸಿಎ ಜೀನ್ ದೋಷ ವಂಶದಲ್ಲೇ ಇರುತ್ತದೆ. ಯೋನಿ ಮತ್ತು ಯೋನಿದ್ವಾರದವು ಅಪರೂಪ.

ಗರ್ಭಕಂಠದ್ದೇ ಬೇರೆ. ಅದರ ಹಿಂದೆ ಎಚ್‌ಪಿವಿ ವೈರಾಣು ಇದೆಯೆಂದು ತೋರಿಸಿದ ಹರಾಲ್ಡ್ ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ಬಹುತೇಕರಲ್ಲಿ ತಾನೇ ಹೋಗುತ್ತದೆ. ಉಳಿದರೂ ಕ್ಯಾನ್ಸರ್ ಆಗಲು ಹತ್ತಾರು ವರ್ಷ ಬೇಕು.

ಆ ಬಿಡುವನ್ನೇ ಹಿಡಿದು ಟಾಟಾ ಆಸ್ಪತ್ರೆ 1998ರಿಂದ ಮುಂಬಯಿಯ ಕೊಳೆಗೇರಿಗಳಲ್ಲಿ ಸುಮಾರು 1,50,000 ಮಹಿಳೆಯರ ಅಧ್ಯಯನ ನಡೆಸಿತು. ತರಬೇತಿ ಪಡೆದ ಕಾರ್ಯಕರ್ತೆಯರು ಗರ್ಭಕಂಠಕ್ಕೆ ವಿನೆಗರ್‌ನಂಥ ದುರ್ಬಲ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾಯುತ್ತಿದ್ದರು; ಕೆಟ್ಟ ಜೀವಕೋಶವಿದ್ದಲ್ಲಿ ಬಿಳಿ ಕಲೆ ಮೂಡುತ್ತಿತ್ತು. ತಪಾಸಣೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ 31ರಷ್ಟು ತಗ್ಗಿತೆಂದು 2013ರಲ್ಲಿ ಪ್ರಕಟವಾಯಿತು. ಹೋಲಿಕೆಗಾಗಿ ಅರ್ಧದಷ್ಟು ಮಹಿಳೆಯರಿಗೆ ಬರೀ ತಿಳಿವಳಿಕೆ ಕೊಟ್ಟು ತಪಾಸಣೆ ಮಾಡದೆ ಬಿಟ್ಟದ್ದಕ್ಕೆ ಕಟು ಟೀಕೆ ಬಂತು. ಆ ಟೀಕೆಯನ್ನು ತಳ್ಳಿಹಾಕುವುದು ಸುಲಭವಲ್ಲ.

ಕೇಂದ್ರ ಸರ್ಕಾರ 2016ರಲ್ಲಿ ಇದೇ ವಿಧಾನವನ್ನು 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಎಂದು ಗೊತ್ತುಮಾಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ಮಹಿಳೆಯರ ಪೈಕಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ.